ಲೈಸೆನ್ಸ್ ಕೊನೆಗೆ ಆರಿಸಿ: ಲುವಾಂಟಿ ಮಾಡ್ ಒಂದನ್ನು ತಕರಾರಿಲ್ಲದೆ ಬಿಡುಗಡೆ ಮಾಡುವ ಕ್ರಮ

ಲುವಾಂಟಿ ಎಂಬುದು ಬ್ಲಾಕ್ ಜೋಡಿಸಿ ಆಡುವ ಆಟಗಳ ಮುಕ್ತ ವೇದಿಕೆ; ಅದಕ್ಕೆ ಹೊಸದನ್ನು ಸೇರಿಸುವ ಕೋಡ್, ಚಿತ್ರ, ಶಬ್ದಗಳ ಕಟ್ಟೇ ಮಾಡ್. ಮಾಡ್ ಚೆನ್ನಾಗಿ ಓಡುತ್ತದೆ, ಗೆಳೆಯರು ಆಡಿ ಮೆಚ್ಚಿದ್ದಾರೆ, ಆದರೆ ಮಾಡ್‌ಗಳನ್ನು ಹಂಚುವ ತಾಣವಾದ ಕಂಟೆಂಟ್‌ಡಿಬಿಗೆ ಹಾಕಿದರೆ ಪರಿಶೀಲಕರು ವಾಪಸ್ ಕಳಿಸುತ್ತಾರೆ. ಕೋಡಿನಲ್ಲಿ ದೋಷ ಇರುವುದಿಲ್ಲ. "ಈ ಚಿತ್ರ ಎಲ್ಲಿಂದ ಬಂತು?" ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ, ಅಷ್ಟೇ. ಹೀಗೆ ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಮಾಡಿರುವುದು ಒಂದೇ ತಪ್ಪು. ರೆಪೊಸಿಟರಿ (ಕೋಡ್ ಇಡುವ ಜಾಗ) ತೆರೆದ ದಿನವೇ ಲೈಸೆನ್ಸ್‌ಗಳ (ಇತರರು ಏನು ಮಾಡಬಹುದು ಎಂದು ಹೇಳುವ ಅನುಮತಿಗಳ) ಪಟ್ಟಿಯಿಂದ ಎಂಐಟಿ ಎಂಬ ತೀರ ಸಡಿಲವಾದದ್ದನ್ನು ಆರಿಸುತ್ತಾರೆ, ಆಮೇಲೆ ಅಲ್ಲಿಂದೊಂದು ಇಲ್ಲಿಂದೊಂದು ಫೈಲ್ ತಂದು ತುಂಬುತ್ತಾರೆ.

ಬೇರೆಯವರ ಫೈಲ್ ಒಂದೇ ಒಂದು ಒಳಗೆ ಬಂದರೂ ಆಯ್ಕೆಯ ಸ್ವಾತಂತ್ರ್ಯ ಅಷ್ಟು ಕಡಿಮೆಯಾಗುತ್ತದೆ. ತಂದದ್ದನ್ನೆಲ್ಲ ಲೆಕ್ಕ ಹಾಕಿ, ಇಟ್ಟುಕೊಳ್ಳಲಾಗದ್ದನ್ನು ತೆಗೆದ ಮೇಲೆ ಯಾವ ಲೈಸೆನ್ಸ್‌ಗಳು ಉಳಿಯುತ್ತವೋ ಅವುಗಳಲ್ಲೇ ಆರಿಸಬೇಕು. ಕೆಳಗಿನ ಹಂತಗಳ ಕ್ರಮ ಇರುವುದೂ ಹಾಗೆಯೇ; ಅದನ್ನು ತಿರುವುಮುರುವು ಮಾಡಬೇಡಿ.

ಲುವಾಂಟಿಗೆ 2024ರ ಅಕ್ಟೋಬರ್‌ವರೆಗೆ ಮೈನ್‌ಟೆಸ್ಟ್ ಎಂದೇ ಹೆಸರಿತ್ತು. ಹಳೆಯ ಮಾಡ್‌ಗಳಲ್ಲಿ ಆ ಹೆಸರೇ ಕಾಣುತ್ತದೆ. ಉದಾಹರಣೆಗೆ ಕರಾವಳಿ ಮನೆಯ ಬ್ಲಾಕ್‌ಗಳ ಒಂದು ಮಾಡ್ ಇಟ್ಟುಕೊಳ್ಳೋಣ: ಮುರಕಲ್ಲು, ಮಂಗಳೂರು ಹೆಂಚು, ಬಾಗಿಲು ತೆರೆದಾಗ ಒಂದು ಚೆಂಡೆ ಪೆಟ್ಟು. ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ನಿಮ್ಮ ಫೋಲ್ಡರಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಮಾಡ್‌ನ ಹೆಸರಿನಲ್ಲಂತೂ ಸಣ್ಣಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೇನೂ ಬರಬಾರದು.

## ಕೈಗೆ ಬೇಕಾದವು

ಬದಲಾವಣೆಗಳ ಇತಿಹಾಸ ಇಡುವ ಗಿಟ್, ಒಂದು ಸ್ಪ್ರೆಡ್‌ಶೀಟ್, ಚಿತ್ರದೊಳಗಿನ ಮಾಹಿತಿ ನೋಡಲು ಎಕ್ಸಿಫ್‌ಟೂಲ್, ಶಬ್ದಕ್ಕೆ ಅಡಾಸಿಟಿ, ಲೈಸೆನ್ಸ್ ತಪಾಸಣೆಗೆ ರೀಯೂಸ್ ಎಂಬ ಕಮಾಂಡ್‌ಲೈನ್ ಸಾಧನ. ಎಲ್ಲವೂ ಉಚಿತ. ಮೂವತ್ತು ನಲವತ್ತು ಫೈಲುಗಳ ಮಾಡ್‌ಗೆ ಒಂದು ಸಂಜೆ ಸಾಕು. ಎರಡು ವರ್ಷ ಹಳೆಯ, ನಾಲ್ಕು ಜನ ಕೈಯಾಡಿಸಿದ ಮಾಡ್ ಆದರೆ ವಾರವೇ ಹಿಡಿಯಬಹುದು. ಅದರಲ್ಲಿ ಹೆಚ್ಚಿನ ಹೊತ್ತು ಹೋಗುವುದು ಉತ್ತರಕ್ಕಾಗಿ ಕಾಯುವುದರಲ್ಲಿ.

## ಹಂತ 1: ಪ್ರತಿ ಫೈಲಿಗೂ ಒಂದು ಸಾಲು

ಸ್ಪ್ರೆಡ್‌ಶೀಟ್‌ನಲ್ಲಿ ಆರು ಕಾಲಂ ಮಾಡಿ: ಫೈಲ್, ಮಾಡಿದವರು, ತಂದ ಜಾಗದ ಕೊಂಡಿ, ಆವೃತ್ತಿ ಸಂಖ್ಯೆಯೊಂದಿಗೆ ಲೈಸೆನ್ಸ್, ನೀವು ಮಾಡಿದ ಬದಲಾವಣೆ, ನೋಡಿದ ದಿನಾಂಕ. ಚಿತ್ರ, ಶಬ್ದ, ಮೂರು ಆಯಾಮದ ಮಾದರಿ, ಅನುವಾದದ ಫೈಲ್, ಸ್ಕ್ರೀನ್‌ಶಾಟ್ ಎಲ್ಲವೂ ಪಟ್ಟಿಗೆ ಬರಲಿ. ಸ್ಕ್ರೀನ್‌ಶಾಟ್ ಬಿಟ್ಟುಬಿಡುವವರು ಬಹಳ. ಅದರಲ್ಲಿ ಬೇರೆಯವರ ಟೆಕ್ಸ್ಚರ್ ಪ್ಯಾಕ್ (ಬ್ಲಾಕ್‌ಗಳ ಮೇಲ್ಮೈ ಚಿತ್ರಗಳ ಕಟ್ಟು) ಕಾಣುತ್ತಿದ್ದರೆ ಅದೂ ಲೆಕ್ಕಕ್ಕೆ ಸೇರಬೇಕು.

ಕೋಡಿಗೆ ಫೈಲ್ ಮಟ್ಟದ ಲೆಕ್ಕ ಸಾಲದು. ಬೇರೆ ಮಾಡ್‌ನಿಂದ ಎತ್ತಿಕೊಂಡ ಫಂಕ್ಷನ್ ಇಪ್ಪತ್ತೇ ಸಾಲಿನದಾದರೂ ಅದಕ್ಕೆ ಪ್ರತ್ಯೇಕ ಸಾಲು ಬರೆಯಿರಿ. ಬ್ಲಾಕ್ ನೋಂದಾಯಿಸುವ ಒಂದೆರಡು ಸಾಲು ಎಲ್ಲರದ್ದೂ ಒಂದೇ ರೀತಿ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಾಗಿಲು ತೆರೆಯುವ, ಕುಲುಮೆ ಉರಿಸುವ ತರ್ಕ ಎತ್ತಿದ್ದರೆ ಬರೆಯಲೇಬೇಕು.

ಎಚ್ಚರಿಕೆಯ ಗುರುತು: "ಮಾಡಿದವರು" ಕಾಲಂನಲ್ಲಿ "ಗೂಗಲ್", "ಪಿಂಟರೆಸ್ಟ್", "ಡಿಸ್ಕಾರ್ಡ್" ಎಂದು ಬರೆಯುವ ಮನಸ್ಸಾದರೆ ಆ ಫೈಲ್ ತೆಗೆದುಹಾಕಬೇಕಾದ ಪಟ್ಟಿಯಲ್ಲಿದೆ ಎಂದೇ ತಿಳಿಯಿರಿ.

## ಹಂತ 2: ಮೂಲಕ್ಕೆ ಹೋಗಿ ಓದಿ

ನಿಮಗೆ ಕೊಟ್ಟವರ ಮಾತು ನೆಚ್ಚಿಕೊಳ್ಳಬೇಡಿ. ಅವರಿಗೂ ಯಾರೋ ಕೊಟ್ಟಿರುತ್ತಾರೆ. ಮೊದಲು ಪ್ರಕಟವಾದ ಪುಟ ಹುಡುಕಿ, ಅಲ್ಲಿ ಲೈಸೆನ್ಸ್ ಏನಿದೆ ನೋಡಿ, ಆ ಪುಟವನ್ನು ಹಳೆಯ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ. ಹಾಕಿದವರು ನಾಳೆ ಪುಟ ಅಳಿಸಿದರೂ ಕ್ರಿಯೇಟಿವ್ ಕಾಮನ್ಸ್ (ಸಿಸಿ; ಚಿತ್ರ, ಶಬ್ದ, ಬರಹ ಹಂಚಲು ಬಳಸುವ ಸಿದ್ಧ ಲೈಸೆನ್ಸ್‌ಗಳ ಗುಂಪು) ಅಡಿ ಒಮ್ಮೆ ಸಿಕ್ಕ ಹಕ್ಕು ಹೋಗುವುದಿಲ್ಲ. ಆದರೆ ಅದು ಸಿಕ್ಕಿತ್ತು ಎಂದು ತೋರಿಸುವ ಹೊಣೆ ನಿಮ್ಮದು.

ಜಾಗ ಜಾಗಕ್ಕೂ ಒಂದೊಂದು ಗುಂಡಿ ಇದೆ. ಫ್ರೀಸೌಂಡ್‌ನಲ್ಲಿ ಹೆಸರು "ಫ್ರೀ" ಎಂದಿದ್ದರೂ ಒಂದೊಂದು ಶಬ್ದಕ್ಕೆ ಒಂದೊಂದು ಲೈಸೆನ್ಸ್; ವಾಣಿಜ್ಯ ಬಳಕೆ ನಿಷೇಧಿಸುವ ಎನ್‌ಸಿ ಕೂಡ ಅಲ್ಲಿ ಸಾಕಷ್ಟಿದೆ. ಓಪನ್‌ಗೇಮ್‌ಆರ್ಟ್‌ನಲ್ಲಿ ಒಂದೇ ಚಿತ್ರಕ್ಕೆ ಎರಡು ಮೂರು ಲೈಸೆನ್ಸ್ ಕೊಟ್ಟಿರುತ್ತಾರೆ; ನಿಮಗೆ ಹೊಂದುವ ಒಂದನ್ನು ಹಿಡಿದರೆ ಸಾಕು. ಪಿಕ್ಸಾಬೇ 2019ರ ಜನವರಿಯಲ್ಲಿ, ಹಕ್ಕನ್ನೆಲ್ಲ ಬಿಟ್ಟುಕೊಡುವ ಸಿಸಿ ಝೀರೋವನ್ನು ಕೈಬಿಟ್ಟು ತನ್ನದೇ ನಿಯಮ ತಂದಿತು. ಚಿತ್ರವನ್ನು ಇದ್ದಹಾಗೇ ಬಿಡಿಯಾಗಿ ಹಂಚಲು ಆ ನಿಯಮ ಬಿಡುವುದಿಲ್ಲ. ಮಾಡ್‌ನ ಫೋಲ್ಡರಿನಲ್ಲಿ ಚಿತ್ರಗಳು ಬಿಡಿಬಿಡಿಯಾಗೇ ಬಿದ್ದಿರುತ್ತವಲ್ಲ, ತೊಡಕು ಅಲ್ಲೇ. "ರಾಯಲ್ಟಿ ಫ್ರೀ" ಅಂದರೆ ಮತ್ತೆ ಮತ್ತೆ ಹಣ ಕೊಡಬೇಕಿಲ್ಲ ಎಂದಷ್ಟೇ. ಇತರರಿಗೆ ಹಂಚಬಹುದು ಎಂಬ ಅರ್ಥ ಅದಕ್ಕಿಲ್ಲ.

ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಲೈಸೆನ್ಸ್ ಫೈಲೇ ಇಲ್ಲದ ಮಾಡ್ ಸಿಕ್ಕಿತೇ? ಆ ತಾಣದ ನಿಯಮದಂತೆ ನೀವು ಅದನ್ನು ನೋಡಬಹುದು, ಅಲ್ಲೇ ಫೋರ್ಕ್ (ನಿಮ್ಮ ಖಾತೆಗೆ ನಕಲು) ಮಾಡಬಹುದು, ಅಷ್ಟಕ್ಕೆ ಮುಗಿಯಿತು. ಭಾರತದಲ್ಲೂ ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ, ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಹಾಗಾಗಿ ಮೌನ ಎಂದರೆ ಬೇಡ ಎಂದೇ ಅರ್ಥ. ಬರೀ "ಜಿಪಿಎಲ್" (ಬದಲಿಸಿ ಹಂಚುವವರೂ ಅದೇ ಲೈಸೆನ್ಸಿನಡಿ ಕೋಡ್ ಕೊಡಬೇಕು ಎನ್ನುವ ಲೈಸೆನ್ಸ್) ಎಂದು ಬರೆದು ಆವೃತ್ತಿ ಹೇಳದಿದ್ದರೆ ಪರಿಸ್ಥಿತಿ ಇಷ್ಟು ಕೆಟ್ಟದ್ದಲ್ಲ: ಪ್ರಕಟವಾದ ಯಾವ ಆವೃತ್ತಿಯನ್ನಾದರೂ ಆರಿಸಿಕೊಳ್ಳಿ ಎಂದು ಜಿಪಿಎಲ್‌ನ ಪಠ್ಯವೇ ಹೇಳುತ್ತದೆ.

## ಹಂತ 3: ಅಭಿಮಾನದ ಫೈಲುಗಳನ್ನು ಹೊರಗಿಡಿ

ಇನ್ನೊಂದು ಆಟದ, ಸಿನಿಮಾದ ಅಥವಾ ಕಾಮಿಕ್‌ನ ಮೇಲಿನ ಪ್ರೀತಿಯಿಂದ ತಂದವೆಲ್ಲ ಇಲ್ಲಿ ಜರಡಿಗೆ ಬೀಳಬೇಕು. ಮೈನ್‌ಕ್ರಾಫ್ಟ್‌ನ ಕಲ್ಲಿನ ಚಿತ್ರ ತಂದು ಬಣ್ಣ ತಿರುಗಿಸಿದರೆ ಅದು ನಿಮ್ಮದಾಗದು. 16×16 ಚುಕ್ಕಿಗಳ ಪುಟ್ಟ ಚಿತ್ರವಾದರೂ, ಮೇಲೆ ಪದರ ಇಟ್ಟು ಗೆರೆ ಎಳೆದಿದ್ದರೂ ಅದು ವ್ಯುತ್ಪನ್ನ ಕೃತಿಯೇ, ಅಂದರೆ ಬೇರೆಯವರ ಕೃತಿಯಿಂದ ಹುಟ್ಟಿದ್ದೇ. ಕಲ್ಲು, ಇಟ್ಟಿಗೆ, ಬಾಗಿಲು ಎಂಬ ಕಲ್ಪನೆಗೆ ಮಾತ್ರ ಯಾರ ಹಕ್ಕೂ ಇಲ್ಲ. ಖಾಲಿ ಹಾಳೆಯಿಂದ ನೀವೇ ಬರೆಯಿರಿ, ಇಲ್ಲವೇ ಮುಕ್ತ ಲೈಸೆನ್ಸಿನ ಟೆಕ್ಸ್ಚರ್ ಹಿಡಿಯಿರಿ. ಮೈನ್‌ಕ್ರಾಫ್ಟ್ ಬಗೆಯ ಆಟವಾದ ವಾಕ್ಸೆಲಿಬ್ರೆ ಮಾಡಿದ್ದು ಇದನ್ನೇ: ಅದರ ನೋಟಕ್ಕೆ ಬುನಾದಿ ಸಿಸಿ ಬಿವೈ-ಎಸ್‌ಎ 4.0 (ಹೆಸರು ಹಾಕಬೇಕು, ಬದಲಿಸಿ ಹಂಚಿದರೂ ಅದೇ ಲೈಸೆನ್ಸ್ ಇಡಬೇಕು) ಅಡಿಯ ಪಿಕ್ಸೆಲ್ ಪರ್ಫೆಕ್ಷನ್ ಎಂಬ ಪ್ಯಾಕ್.

"ನಾನು ಹಣ ಮಾಡುತ್ತಿಲ್ಲ", "ಕೃತಜ್ಞತೆ ಹಾಕಿದ್ದೇನೆ": ಇವೆರಡೂ ಅನುಮತಿಯಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ ಬಳಕೆ, ವಿಮರ್ಶೆ, ವರದಿಗಾರಿಕೆಗೆ ನ್ಯಾಯಯುತ ಬಳಕೆಯ ಅವಕಾಶ ಕೊಡುತ್ತದೆ. ಸಿನಿಮಾದ ಡೈಲಾಗ್ ತುಂಡನ್ನು ಮಾಡ್‌ಗೆ ಸೇರಿಸಿ ಜಗತ್ತಿಗೆ ಹಂಚುವುದು ಅದರೊಳಗೆ ಬರುವುದಿಲ್ಲ. ಸ್ವಂತ ಲ್ಯಾಪ್‌ಟಾಪಿನಲ್ಲಿ ಒಬ್ಬರೇ ಆಡುವುದು ಬೇರೆ ಮಾತು.

ನೀವೇ ತೆಗೆದ ಫೋಟೊದಿಂದ ಟೆಕ್ಸ್ಚರ್ ಮಾಡುವುದು ಒಳ್ಳೆಯ ದಾರಿ. ಮುರಕಲ್ಲಿನ ಗೋಡೆಯ ಫೋಟೊ ಕುಗ್ಗಿಸಿದರೆ ಚೆಂದದ ಬ್ಲಾಕ್ ಬರುತ್ತದೆ. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿರುವ ಶಿಲ್ಪ, ಕಟ್ಟಡಗಳ ಫೋಟೊ ತೆಗೆಯಲು 52ನೇ ಕಲಮೇ ಅವಕಾಶ ಕೊಡುತ್ತದೆ. ಆದರೆ ಹೊಯ್ಸಳ ಕಂಬದ್ದಾದರೂ ಬೇರೆಯವರು ತೆಗೆದ ಫೋಟೊಕ್ಕೆ ಹಕ್ಕು ಅವರದ್ದೇ. ಕಂಬ ಒಂಬೈನೂರು ವರ್ಷ ಹಳೆಯದು, ಫೋಟೊ ನಿನ್ನೆಯದು. ಫೋನಿನ ಫೋಟೊ ಹಾಕುವ ಮೊದಲು ಎಕ್ಸಿಫ್‌ಟೂಲ್‌ನಿಂದ ಸ್ಥಳದ ಮಾಹಿತಿ ಅಳಿಸಿ. ಇಲ್ಲವಾದರೆ ಮನೆಯ ವಿಳಾಸವನ್ನೇ ಮಾಡ್ ಜೊತೆ ಹಂಚಿದಂತೆ.

ತೆಗೆದುಹಾಕುವಾಗ ಫೈಲ್ ಅಳಿಸಿ ಹೊಸ ಕಮಿಟ್ (ಬದಲಾವಣೆಯ ದಾಖಲೆ) ಮಾಡಿದರೆ ಸಾಲದು. ಗಿಟ್‌ನ ಇತಿಹಾಸದಲ್ಲಿ ಅದು ಹಾಗೇ ಕೂತಿರುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಗಿಟ್ ಫಿಲ್ಟರ್-ರೆಪೊ ಬಳಸಿ ಇತಿಹಾಸದಿಂದಲೇ ತೆಗೆಯಿರಿ. ಸಹಲೇಖಕರಿದ್ದರೆ ಮೊದಲೇ ತಿಳಿಸಿ, ಹೊಸದಾಗಿ ಕ್ಲೋನ್ ಮಾಡಿಕೊಳ್ಳಲು (ಪೂರ್ತಿ ಪ್ರತಿ ಇಳಿಸಿಕೊಳ್ಳಲು) ಹೇಳಿ. ಅವರು ಹಳೆಯ ಪ್ರತಿಯಿಂದ ಪುಶ್ ಮಾಡಿದರೆ (ಮೇಲೇರಿಸಿದರೆ) ತೆಗೆದದ್ದೆಲ್ಲ ಮರಳಿ ಬರುತ್ತದೆ.

## ಹಂತ 4: ಅನುಮತಿ ಕೇಳಬೇಕಾದಲ್ಲಿ ಬರಹದಲ್ಲಿ ಕೇಳಿ

"ಬಳಸ್ಕೋ ಗುರು" ಎಂಬ ವಾಟ್ಸ್ಯಾಪ್ ಸಂದೇಶ ಸ್ನೇಹಕ್ಕೆ ಸಾಕು, ಬಿಡುಗಡೆಗೆ ಸಾಲದು. ಕೃತಿಸ್ವಾಮ್ಯ ಕಾಯ್ದೆಯ 30ನೇ ಕಲಮು ಲೈಸೆನ್ಸ್ ಲಿಖಿತವಾಗಿರಬೇಕು ಎನ್ನುತ್ತದೆ. ಅದಕ್ಕಿಂತ ದೊಡ್ಡ ಗುಂಡಿ 19 ಮತ್ತು 30ಎ ಕಲಮುಗಳನ್ನು ಕೂಡಿಸಿ ಓದಿದಾಗ ಕಾಣುತ್ತದೆ: ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದೇ ಭಾವಿಸಲಾಗುತ್ತದೆ. ಜರ್ಮನಿಯ ಆಟಗಾರನೊಬ್ಬ ಆರನೇ ವರ್ಷ ಇಳಿಸಿಕೊಳ್ಳುವ ಮಾಡ್‌ಗೆ ಅಂಥ ಅನುಮತಿ ಯಾವ ಮೂಲೆಗೆ?

ಆದ್ದರಿಂದ ಸ್ವಂತ ವಾಕ್ಯ ಕಟ್ಟಬೇಡಿ. ಕಲಾವಿದರಿಗೆ ಮೇಲ್ ಬರೆದು ಹೀಗೆ ಉತ್ತರಿಸಲು ಕೇಳಿ: "ಇಂಥ ಹೆಸರಿನ ಫೈಲನ್ನು ನಾನೇ ಮಾಡಿದ್ದೇನೆ. ಅದನ್ನು ಸಿಸಿ ಬಿವೈ-ಎಸ್‌ಎ 4.0 ಲೈಸೆನ್ಸಿನಡಿ ಬಿಡುಗಡೆ ಮಾಡುತ್ತಿದ್ದೇನೆ. ಕೃತಜ್ಞತೆಯಲ್ಲಿ ನನ್ನ ಹೆಸರು ಹೀಗೆ ಇರಲಿ." ಆ ಲೈಸೆನ್ಸಿನ ಪಠ್ಯದಲ್ಲೇ ಇಡೀ ಜಗತ್ತು, ಹಿಂಪಡೆಯಲಾಗದು ಎಂಬ ಮಾತುಗಳಿವೆ, ಅವಧಿಯೂ ಕೃತಿಸ್ವಾಮ್ಯ ಇರುವಷ್ಟು ಕಾಲ. ಎಲ್ಲ ಒಂದೇ ಸಾಲಿನಲ್ಲಿ ಬಗೆಹರಿಯಿತು. ಮೇಲ್ ಅನ್ನು ಪಿಡಿಎಫ್ ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ. ವಿಳಾಸ ಇರುವುದರಿಂದ ರೆಪೊಸಿಟರಿಗೆ ಹಾಕಬೇಡಿ.

ಮಾಡ್ ಲೋಕದಲ್ಲಿ ಹೈಸ್ಕೂಲು ಮಕ್ಕಳು ಧಾರಾಳ. 18 ತುಂಬದವರು ಮಾಡಿಕೊಂಡ ಕರಾರು ಭಾರತದಲ್ಲಿ ಊರ್ಜಿತವಲ್ಲ. ಚಿತ್ರ ಬರೆದುಕೊಟ್ಟವರು ಚಿಕ್ಕವರಾದರೆ ಪೋಷಕರಿಂದಲೂ ಅದೇ ಮೇಲ್ ತರಿಸಿ.

ಚೆಂಡೆಯ ಪೆಟ್ಟಿಗೂ ಒಂದು ಮಾತು. ಯಕ್ಷಗಾನ ಮೇಳದ ಆಟದಲ್ಲಿ ಫೋನಿಗೆ ಹಿಡಿದ ಶಬ್ದದ ಮೇಲೆ ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಇರುತ್ತದೆ. ಬಾರಿಸುವವರನ್ನು ಕೇಳಿ, ಎರಡು ನಿಮಿಷ ಪ್ರತ್ಯೇಕವಾಗಿ ಹಿಡಿದು, ಒಪ್ಪಿಗೆ ಬರೆಸಿಕೊಳ್ಳಿ. ಜನರ ಗದ್ದಲ ಇಲ್ಲದ ಕಾರಣ ಶಬ್ದವೂ ಚೆನ್ನಾಗಿ ಬರುತ್ತದೆ. ಓಜಿಜಿ ವಾರ್ಬಿಸ್ ಆಗಿ, ಮೋನೊದಲ್ಲಿ ಉಳಿಸಿ. ಸ್ಟೀರಿಯೊ ಆದರೆ ಆಟದಲ್ಲಿ ದೂರ ಹೋದರೂ ಶಬ್ದ ಕುಗ್ಗುವುದಿಲ್ಲ.

## ಹಂತ 5: ಕೋಡಿನ ಲೈಸೆನ್ಸ್

ಪಟ್ಟಿಯಲ್ಲಿ ಉಳಿದ ಕೋಡ್ ಪೂರ್ತಿ ನಿಮ್ಮದೇ ಆಗಿದ್ದರೆ ಎಂಐಟಿ ಹಾಕಿ, ಮುಂದಿನ ಹಂತಕ್ಕೆ ಹೋಗಿ.

ಆದರೆ ಹಾಗಿರುವುದು ಅಪರೂಪ. ಹೆಚ್ಚಿನವರು ಲುವಾಂಟಿಯಲ್ಲಿ ಆಡುವ ಮೈನ್‌ಟೆಸ್ಟ್ ಗೇಮ್ ಎಂಬ ಆಟದ ಡಿಫಾಲ್ಟ್ ಮಾಡ್‌ನಿಂದ ತುಂಡು ಎತ್ತಿರುತ್ತಾರೆ. ಅದರ ಲೈಸೆನ್ಸ್ ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್ 2.1 ಅಥವಾ ನಂತರದ ಆವೃತ್ತಿ. ಅದರ ಮೇಲೆ ಎಂಐಟಿ ಮುದ್ರೆ ಒತ್ತುವಂತಿಲ್ಲ. ಸುಲಭದ ಪರಿಹಾರ: ನಿಮ್ಮ ಮಾಡ್ ಅನ್ನೂ ಎಲ್‌ಜಿಪಿಎಲ್ 2.1 ಅಥವಾ ನಂತರದ್ದು ಎಂದು ಘೋಷಿಸಿ.

ಕೋಡ್ ಹರಿಯುವುದು ಒಂದೇ ದಿಕ್ಕಿಗೆ. ಎಂಐಟಿ, ಅದರಂತೆಯೇ ಸಡಿಲವಾದ ಬಿಎಸ್‌ಡಿ ಕೋಡ್ ಅನ್ನು ಜಿಪಿಎಲ್ ಮಾಡ್‌ಗೆ ತರಬಹುದು, ಮೂಲದ ಕೃತಿಸ್ವಾಮ್ಯದ ಸಾಲು ಉಳಿಸಿದರಾಯಿತು. ಜಿಪಿಎಲ್ ಕೋಡ್ ಎಂಐಟಿ ಮಾಡ್‌ಗೆ ಬಂದರೆ ಹಂಚುವಾಗ ಇಡೀ ಮಾಡ್ ಜಿಪಿಎಲ್ ಆಗಬೇಕು. ಅಪಾಚೆ 2.0 ಎಂಬ ಇನ್ನೊಂದು ಸಡಿಲ ಲೈಸೆನ್ಸಿನ ಕೋಡ್ ಜಿಪಿಎಲ್ 3ಕ್ಕೆ ಹೊಂದುತ್ತದೆ, "2 ಮಾತ್ರ" ಎಂದಿರುವ ಜಿಪಿಎಲ್‌ಗೆ ಹೊಂದುವುದಿಲ್ಲ. "2 ಮಾತ್ರ" ಮತ್ತು "3" ಒಂದೇ ಮಾಡ್‌ನಲ್ಲಿ ಬೆರೆಯುವುದೇ ಇಲ್ಲ. "ಅಥವಾ ನಂತರದ ಆವೃತ್ತಿ" ಎಂಬ ಮೂರು ಪದಕ್ಕೆ ಬೆಲೆ ಬರುವುದು ಇಲ್ಲಿ.

ನಿಮ್ಮ ಮಾಡ್ ಇನ್ನೊಂದು ಜಿಪಿಎಲ್ ಮಾಡ್ ಅನ್ನು ಅವಲಂಬಿಸಿ ಅದರ ಫಂಕ್ಷನ್ ಕರೆಯುತ್ತಿದ್ದರೆ? ಅದು ವ್ಯುತ್ಪನ್ನವೇ ಅಲ್ಲವೇ ಎಂಬ ವಾದ ಮುಗಿದಿಲ್ಲ. ಜಿಪಿಎಲ್‌ಗೆ ಹೊಂದುವ ಲೈಸೆನ್ಸ್ ಇಟ್ಟುಕೊಂಡರೆ ವಾದಕ್ಕಿಳಿಯುವ ಅಗತ್ಯವೇ ಬೀಳದು. ಕೋಡಿಗೆ ಕ್ರಿಯೇಟಿವ್ ಕಾಮನ್ಸ್ ಹಾಕಬೇಡಿ. ಆ ಸಂಸ್ಥೆಯೇ ತನ್ನ ಲೈಸೆನ್ಸ್‌ಗಳು ಸಾಫ್ಟ್‌ವೇರ್‌ಗೆ ಬೇಡ ಎನ್ನುತ್ತದೆ. "ಪಬ್ಲಿಕ್ ಡೊಮೈನ್" ಎಂದು ಒಂದು ಸಾಲು ಬರೆಯುವುದೂ ಬೇಡ, ಹಲವು ದೇಶಗಳಲ್ಲಿ ಅದಕ್ಕೆ ಅರ್ಥವಿಲ್ಲ.

## ಹಂತ 6: ಚಿತ್ರ, ಶಬ್ದಗಳ ಲೈಸೆನ್ಸ್

ಎಲ್ಲರೂ ಗಾಬರಿಯಾಗುವ ಕಡೆ ಇದು. ನಿಜಕ್ಕೂ ಕಷ್ಟವಿಲ್ಲ. ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇರುವ ಬೇರೆ ಬೇರೆ ಚಿತ್ರಗಳು ಸಂಗ್ರಹ ಮಾತ್ರ. ಒಂದೊಂದೂ ತನ್ನ ಲೈಸೆನ್ಸ್ ಉಳಿಸಿಕೊಳ್ಳುತ್ತದೆ. ಎರಡು ಚಿತ್ರ ಬೆರೆತು ಒಂದೇ ಫೈಲ್ ಆದಾಗ ಮಾತ್ರ ಹೊಂದಾಣಿಕೆ ನೋಡಬೇಕು.

ಮುರಕಲ್ಲಿಗೆ ಮೈನ್‌ಟೆಸ್ಟ್ ಗೇಮ್‌ನ ಕಲ್ಲಿನ ಚಿತ್ರ ತೆಗೆದುಕೊಂಡು ಕೆಂಪು ಬಣ್ಣ, ತೂತು ಸೇರಿಸಿದ್ದೀರಿ ಎಂದುಕೊಳ್ಳಿ. ಅಲ್ಲಿಯ ಚಿತ್ರಗಳು ಬಹುಪಾಲು ಸಿಸಿ ಬಿವೈ-ಎಸ್‌ಎ 3.0. ನಿಮ್ಮ ಚಿತ್ರ ಅದೇ 3.0ರಲ್ಲಿ ಅಥವಾ 4.0ರಲ್ಲಿ ಹೋಗಬಹುದು. 4.0ರ ಚಿತ್ರವನ್ನು ಹಿಂದಕ್ಕೆ 3.0 ಮಾಡುವಂತಿಲ್ಲ. ನಿಮ್ಮ ಚಿತ್ರದೊಳಗೆ ಸಿಸಿ ಝೀರೋ ಅಥವಾ ಸಿಸಿ ಬಿವೈ (ಹೆಸರು ಹಾಕಿದರೆ ಸಾಕು ಎನ್ನುವ) ಚಿತ್ರದ ತುಂಡು ಬೆರೆಸಬಹುದು, ಎನ್‌ಸಿ ತುಂಡು ಬೆರೆಸಲಾಗದು. ಬದಲಾವಣೆ ನಿಷೇಧಿಸುವ ಎನ್‌ಡಿ ಚಿತ್ರಕ್ಕೆ ಬಣ್ಣ ತಿರುಗಿಸಿ ಹಂಚುವುದಕ್ಕೂ ಅವಕಾಶವಿಲ್ಲ. ಸಿಸಿ ಬಿವೈ-ಎಸ್‌ಎ 4.0 ಅನ್ನು ಜಿಪಿಎಲ್ 3ರ ಕಡೆ ಒಯ್ಯಬಹುದು ಎಂದು ಕ್ರಿಯೇಟಿವ್ ಕಾಮನ್ಸ್ 2015ರ ಅಕ್ಟೋಬರ್‌ನಲ್ಲಿ ಘೋಷಿಸಿತು. ವಾಪಸ್ ತರುವ ದಾರಿ ಇಲ್ಲ.

ಎನ್‌ಸಿ ಬಳಸಿದರೆ ಕಂಟೆಂಟ್‌ಡಿಬಿ ಮಾಡ್ ಅನ್ನು "ನಾನ್‌ಫ್ರೀ" ಎಂದು ಗುರುತಿಸುತ್ತದೆ, ಆಟದೊಳಗಿನ ಪಟ್ಟಿ ಅಂಥವನ್ನು ಮೊದಲಿನಿಂದಲೇ ಮರೆಮಾಡಿರುತ್ತದೆ. "ನನ್ನ ಮಾಡ್ ಹುಡುಕಿದರೆ ಸಿಗುತ್ತಿಲ್ಲ" ಎನ್ನುವವರು ಮೊದಲು ನೋಡಬೇಕಾದ್ದು ಇದನ್ನು.

ಫಲಕಕ್ಕೆ ಕನ್ನಡ ಅಕ್ಷರ ಬೇಕಾದರೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನ ನೋಟೊ ಸ್ಯಾನ್ಸ್ ಕನ್ನಡ ಹಿಡಿಯಿರಿ, ಬರೆದು ಚಿತ್ರವಾಗಿ ಉಳಿಸಿ. ವಿಂಡೋಸ್ ಜೊತೆ ಬರುವ ತುಂಗ ಫಾಂಟ್ ಫೈಲನ್ನು ಮಾಡ್‌ಗೆ ತುಂಬಬೇಡಿ, ಅದು ಹಂಚಲು ಕೊಟ್ಟದ್ದಲ್ಲ. ಅನುವಾದದ ಫೈಲಿನ ಮೂಲಕ ಕನ್ನಡ ತೋರಿಸುವವರು ಒತ್ತಕ್ಷರ ಸರಿಯಾಗಿ ಕೂರುತ್ತಿದೆಯೇ ಎಂದು ಪರದೆಯ ಮೇಲೆ ನೋಡಿಯೇ ಮುಂದುವರಿಯಿರಿ.

## ಹಂತ 7: ಬರೆದಿಡುವುದು

ಈಗ ಲೈಸೆನ್ಸ್ ಫೈಲ್. ಪಠ್ಯವನ್ನು ಒಂದಕ್ಷರ ಬದಲಿಸದೆ ಅಧಿಕೃತ ಪುಟದಿಂದ ತನ್ನಿ. ಎಲ್‌ಜಿಪಿಎಲ್ 2.1 ತಾನೊಂದೇ ನಿಲ್ಲುತ್ತದೆ. ಎಲ್‌ಜಿಪಿಎಲ್ 3 ಹಾಕುವವರು ಜೊತೆಗೆ ಜಿಪಿಎಲ್ 3ರ ಪಠ್ಯವನ್ನೂ ಇಡಬೇಕು. ಇದನ್ನು ಮರೆಯದವರೇ ಕಡಿಮೆ.

ಚಿತ್ರ, ಶಬ್ದಕ್ಕೆ ಹೀಗೊಂದು ಸಾಲು:

"ಮುರಕಲ್ಲು.ಪಿಎನ್‌ಜಿ: ಮೈನ್‌ಟೆಸ್ಟ್ ಗೇಮ್‌ನ ಇಂಥ ಚಿತ್ರದಿಂದ, ಮೂಲ ಕಲಾವಿದರು ಇಂಥವರು, ಕೊಂಡಿ, ಬಣ್ಣ ಬದಲಿಸಿ ತೂತು ಸೇರಿಸಿದೆ, ಸಿಸಿ ಬಿವೈ-ಎಸ್‌ಎ 3.0."

ಬದಲಾವಣೆಯ ಭಾಗ ಬಿಡಬೇಡಿ, ಲೈಸೆನ್ಸೇ ಅದನ್ನು ಕೇಳುತ್ತದೆ. "ಕೆಲವು ಚಿತ್ರಗಳು ಇಂಟರ್ನೆಟ್‌ನಿಂದ" ಎಂಬ ಸಾಲು ಕಂಡರೆ ಪರಿಶೀಲಕರು ಅಲ್ಲೇ ನಿಲ್ಲುತ್ತಾರೆ.

ಕೊನೆಗೆ ರೀಯೂಸ್ ಸಾಧನದ "ಲಿಂಟ್" ಆದೇಶ ಓಡಿಸಿ. ಹಕ್ಕಿನ ಮಾಹಿತಿ ಇಲ್ಲದ ಫೈಲುಗಳ ಪಟ್ಟಿಯನ್ನು ಅದು ಕೊಡುತ್ತದೆ. ಮಾಡ್‌ನ ಕೋಡ್ ಇರುವ ಲುವಾ ಫೈಲಿನ ನೆತ್ತಿಯ ಮೇಲೆ ಎಸ್‌ಪಿಡಿಎಕ್ಸ್ ಸಾಲು (ಲೈಸೆನ್ಸಿನ ಹೆಸರನ್ನು ನಿಗದಿತ ರೂಪದಲ್ಲಿ ಹೇಳುವ ಸಾಲು) ಬರೆಯಬಹುದು. ಚಿತ್ರದೊಳಗೆ ಬರೆಯಲಾಗದ ಕಾರಣ ಅದೇ ಹೆಸರಿನ ಕೊನೆಗೆ ಡಾಟ್ ಲೈಸೆನ್ಸ್ ಸೇರಿಸಿದ ಪುಟ್ಟ ಪಠ್ಯ ಫೈಲ್ ಪಕ್ಕದಲ್ಲಿಡಿ.

## ಹಂತ 8: ಸರ್ವರ್ ನಡೆಸುವವರು ಗಮನಿಸಬೇಕಾದ್ದು

ಲುವಾಂಟಿ ಸರ್ವರ್‌ಗೆ ಆಟಗಾರ ಸೇರಿದಾಗ ಲುವಾ ಕೋಡ್ ಅವರ ಕಂಪ್ಯೂಟರಿಗೆ ಹೋಗುವುದಿಲ್ಲ. ಟೆಕ್ಸ್ಚರ್, ಶಬ್ದ, ಮಾದರಿಗಳು ಹೋಗುತ್ತವೆ. ಹಾಗಾಗಿ ಜಿಪಿಎಲ್ ಮಾಡ್ ತಿದ್ದಿ ಸರ್ವರ್‌ನಲ್ಲೇ ಇಟ್ಟುಕೊಂಡರೆ ಕೋಡ್ ಕೊಡುವ ಬಾಧ್ಯತೆ ಬರುವುದಿಲ್ಲ. ಜಿಪಿಎಲ್‌ನ ಬಿಗಿ ರೂಪವಾದ ಎಜಿಪಿಎಲ್ ಇರುವ ಮಾಡ್ ತಿದ್ದಿದರೆ ಮಾತ್ರ ಆಡುವವರಿಗೆಲ್ಲ ತಿದ್ದಿದ ಕೋಡ್ ಸಿಗುವಂತೆ ಮಾಡಲೇಬೇಕು. ಆ ಲೈಸೆನ್ಸಿನ 13ನೇ ಕಲಮು ಇರುವುದೇ ಇದಕ್ಕೆ.

ಚಿತ್ರ, ಶಬ್ದದ ಕಥೆ ಉಲ್ಟಾ. ಒಬ್ಬೊಬ್ಬ ಆಟಗಾರ ಸೇರಿದಾಗಲೂ ನೀವು ಅವನ್ನು ಹಂಚುತ್ತಿದ್ದೀರಿ. ಆಟಗಾರನ ಕಡೆ ಅವು ಉಳಿಯುವುದು ಹ್ಯಾಶ್ ಸಂಖ್ಯೆಯ (ಫೈಲಿನಿಂದ ಲೆಕ್ಕ ಹಾಕಿದ ಉದ್ದನೆಯ ಗುರುತಿನ) ಹೆಸರಿನಲ್ಲಿ. ನಿಮ್ಮ ಲೈಸೆನ್ಸ್ ಫೈಲ್ ಜೊತೆಗೆ ಹೋಗುವುದೇ ಇಲ್ಲ. ಕಷ್ಟಪಟ್ಟು ಬರೆದ ಕೃತಜ್ಞತೆ ತಲುಪಬೇಕಾದವರಿಗೆ ತಲುಪದು. ಅದಕ್ಕೇ ಚಾಟ್‌ನಲ್ಲಿ ಕೃತಜ್ಞತೆಯ ಪಟ್ಟಿ ತೋರಿಸುವ ಒಂದು ಆದೇಶ ಬರೆಯಿರಿ, ಸ್ವಾಗತ ಸಂದೇಶದಲ್ಲಿ ಅದನ್ನು ಸೂಚಿಸಿ. ಹತ್ತು ಸಾಲಿನ ಕೆಲಸ. ಸರ್ವರ್‌ನಲ್ಲಿ ಹಣಕ್ಕೆ ಪದವಿ, ಸೌಲಭ್ಯ ಮಾರುವವರು ಎನ್‌ಸಿ ಫೈಲುಗಳನ್ನು ಮುಟ್ಟದಿರುವುದು ಒಳಿತು.

## ಹಂತ 9: ಕಂಟೆಂಟ್‌ಡಿಬಿಗೆ ಸಲ್ಲಿಕೆ

ಅರ್ಜಿಯಲ್ಲಿ ಕೋಡಿಗೊಂದು, ಮಾಧ್ಯಮಕ್ಕೊಂದು ಲೈಸೆನ್ಸ್ ಕೇಳುತ್ತದೆ. ಮಾಧ್ಯಮದ್ದು ಹಲವು ಬಗೆ ಇದ್ದರೆ ಹೆಚ್ಚು ಕಟ್ಟುಪಾಡು ಇರುವುದನ್ನು ಆರಿಸಿ, ಬಿಡಿ ವಿವರ ಲೈಸೆನ್ಸ್ ಫೈಲಿನಲ್ಲಿದೆ ಎಂದು ವಿವರಣೆಯಲ್ಲಿ ಬರೆಯಿರಿ. ಅರ್ಜಿ, ಲೈಸೆನ್ಸ್ ಫೈಲ್, ಓದಿ-ನೋಡಿ (ರೀಡ್‌ಮಿ) ಫೈಲ್ ಮೂರರಲ್ಲೂ ಒಂದೇ ಹೆಸರು, ಒಂದೇ ಆವೃತ್ತಿ ಇರಲಿ. ಒಂದರಲ್ಲಿ "2.1 ಮಾತ್ರ", ಇನ್ನೊಂದರಲ್ಲಿ "2.1 ಅಥವಾ ನಂತರದ್ದು" ಎಂದಿದ್ದರೆ ವಾಪಸ್ ಬರುವುದು ಖಂಡಿತ. "ಸಾರ್ವಜನಿಕ ಸರ್ವರ್‌ನಲ್ಲಿ ಬಳಸಬಾರದು" ಎಂಬಂಥ ಸ್ವಂತ ಷರತ್ತನ್ನು ಅಲ್ಲಿ ಒಪ್ಪುವುದಿಲ್ಲ.

## ತಕರಾರು ಬಂದರೆ

ಮೊದಲು ಬಿಡುಗಡೆ ಹಿಂಪಡೆಯಿರಿ, ವಾದ ಆಮೇಲೆ. ದಿನಾಂಕ ಬರೆದಿಡಿ, ಏಕೆಂದರೆ ಗಡುವು ಲೈಸೆನ್ಸಿನಿಂದ ಲೈಸೆನ್ಸಿಗೆ ಬೇರೆ. ಸಿಸಿ 4.0ರಲ್ಲಿ ತಪ್ಪು ನಿಮಗೆ ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ಮರಳುತ್ತದೆ. ಜಿಪಿಎಲ್ 3ರಲ್ಲಿ ಆ ಹಕ್ಕುದಾರರಿಂದ ಬಂದ ಮೊದಲ ನೋಟಿಸ್ ಆದರೆ, ಅದು ಕೈಸೇರಿದ 30 ದಿನ. ಸಿಸಿ 3.0 ಮತ್ತು ಎಲ್‌ಜಿಪಿಎಲ್ 2.1ರಲ್ಲಿ ಇಂಥ ರಿಯಾಯಿತಿ ಇಲ್ಲ: ಷರತ್ತು ಮುರಿದ ಕ್ಷಣವೇ ಹಕ್ಕು ಹೋಗುತ್ತದೆ, ಮರಳಿ ಕೊಡಿ ಎಂದು ಮೂಲದವರನ್ನೇ ಕೇಳಬೇಕು. ಹೆಸರು ಬಿಟ್ಟುಹೋಗಿತ್ತು, ಈಗ ಸೇರಿಸಿದ್ದೇನೆ ಎಂದು ನೇರವಾಗಿ ಬರೆದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಸರಿಪಡಿಸಿದ ಬಿಡುಗಡೆ ಹಾಕಿದ ಮೇಲೂ ಹಳೆಯ ಜಿಪ್‌ಗಳು ಕಂಟೆಂಟ್‌ಡಿಬಿಯ ಬಿಡುಗಡೆ ಪಟ್ಟಿಯಲ್ಲಿ ಉಳಿದಿರಬಹುದು, ಅವನ್ನೂ ತೆಗೆಸಿ. ನಿಮ್ಮ ಮಾಡ್ ಓಡಿಸುತ್ತಿರುವ ಸರ್ವರ್‌ಗಳು ಗೊತ್ತಿದ್ದರೆ ಅವರಿಗೂ ತಿಳಿಸಿ, ಆ ಫೈಲನ್ನು ಅವರು ಇನ್ನೂ ದಿನವೂ ಹಂಚುತ್ತಿರುತ್ತಾರೆ.